ಕುಸುಬಿ ಎಣ್ಣೆಯ ನೆಲ

ಪಾರ್ಟಿಗೆ ಹೊರಡುವ ಮುಂಚೆ ಅತ್ತಿ ಅಡುಗೆಮನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತು ಜೋಳದ ರೊಟ್ಟಿ ತಿನ್ನುತ್ತಿದ್ದಳು. ಮೈಮೇಲೆ ರೇಷ್ಮೆ ಸೀರೆ, ತೋಳಿಲ್ಲದ ಕುಪ್ಪಸ, ಕೊರಳಲ್ಲಿ ಮುತ್ತಿನ ಸರ. ತುಟಿಗೆ ಮಾತ್ರ ಇನ್ನೂ ಬಣ್ಣ ಬಿದ್ದಿರುತ್ತಿರಲಿಲ್ಲ. ಅದು ರೊಟ್ಟಿ ಮುಗಿದ ಮೇಲೆ. ಅವಳ ಸೆರಗು ಪುಂಡಿಪಲ್ಲೆಯಲ್ಲಿ ಅದ್ದದ ಹಾಗೆ ಎತ್ತಿ ಹಿಡಿದುಕೊಂಡು ನಿಲ್ಲುವುದು ನನ್ನ ಕೆಲಸ. ಹೊರಗೆ ಡ್ರೈವರ್ ಕಾರು ತೆಗೆದು ನಿಂತಿರುತ್ತಿದ್ದ, ಒಳಗೆ ಫೋನು ಹೊಡೆದುಕೊಳ್ಳುತ್ತಿತ್ತು. ಅತ್ತಿ ಶೇಂಗಾ ಹಿಂಡಿಗೆ ಇನ್ನಷ್ಟು ಎಣ್ಣೆ ಬಿಟ್ಟುಕೊಂಡು, ಊರಿಗೆಲ್ಲ ಕಾಯುವ ಪುರುಸೊತ್ತಿದೆ ಎಂಬಂತೆ ನಿಧಾನವಾಗಿ ಉಣ್ಣುವಳು. ಅಲ್ಲಿ ಹೋದರೆ ಬೇಕಾದಷ್ಟು ಊಟ ಇರುತ್ತದಲ್ಲ, ಇಲ್ಲೇಕೆ ತಿಂದು ಹೋಗಬೇಕು ಎಂದು ಒಮ್ಮೆ ಕೇಳಿದ್ದೆ.

"ಅಲ್ಲಿ ಯಾರೂ ಉಣ್ಣಂಗಿಲ್ಲ ಪಾರು, ಉಂಡಂಗ ಮಾಡ್ತಾರ. ಹಸಕೊಂಡು ಹೋದ್ರ ನನ್ನ ದನಿ ಸಣ್ಣದಾಗ್ತೈತಿ."

ಅತ್ತಿ ಅಂದರೆ ನನ್ನ ಅಪ್ಪನ ಅಕ್ಕ, ಚಂದ್ರಕಲಾ. ಹೈದರಾಬಾದಿನ ಕ್ಲಬ್ಬುಗಳಲ್ಲಿ ಅವಳು ಚಂದಾ ಮ್ಯಾಡಮ್. ಇಂಗ್ಲಿಷ್ ಪೇಪರಿನ ಬಣ್ಣದ ಪುಟದಲ್ಲಿ ಕೈಯಲ್ಲೊಂದು ಗ್ಲಾಸು ಹಿಡಿದು, ತಲೆ ಹಿಂದಕ್ಕೆ ಚೆಲ್ಲಿ ನಗುವ ಅವಳ ಫೋಟೋ ಆಗಾಗ ಬರುತ್ತಿತ್ತು. ಆ ಗ್ಲಾಸಿನಲ್ಲಿ ಇದ್ದದ್ದು ನಿಂಬೆ ಶರಬತ್ತು ಎಂದು ನಾನು ಆಣೆಯಿಟ್ಟು ಹೇಳಬಲ್ಲೆ. ಫೋಟೋದ ಕೆಳಗೆ ಅವಳನ್ನು ಗಣಿಗಳ ಒಡತಿ ಎಂದು ಬರೆಯುತ್ತಿದ್ದರು. ಓದಿದವರು ವಜ್ರವೋ ಬಂಗಾರವೋ ಎಂದುಕೊಂಡಿರಬೇಕು. ನಮ್ಮದು ಕಲಬುರಗಿ ಸೀಮೆಯ ಫರಸಿ ಕಲ್ಲಿನ ಖಣಿ. ನೆಲಕ್ಕೆ ಹಾಸುವ ಬೂದು ಬಣ್ಣದ ಆ ಕಲ್ಲು ಭೂಮಿಯೊಳಗಿಂದ ಪದರುಪದರಾಗಿ ಏಳುತ್ತದೆ, ಮತ್ತು ಆ ದಿನಗಳಲ್ಲಿ ಅರ್ಧ ಹೈದರಾಬಾದು ಅದರ ಮೇಲೆಯೇ ನಡೆದಾಡುತ್ತಿತ್ತು. ಖಣಿಯ ಜನಕ್ಕೆ ಅವಳು ಚಂದ್ರಕ್ಕಾರು. ಮ್ಯಾಡಮ್ಮು ಅನ್ನುವವರು ಒಂದು ಊರು, ಅಕ್ಕಾರು ಅನ್ನುವವರು ಇನ್ನೊಂದು ಊರು. ಅತ್ತಿ ಎಂದು ಕರೆಯುವವಳು ನಾನೊಬ್ಬಳೇ.

ಹಿಮಾಯತ್‌ನಗರದ ಆ ಮನೆ ಅಜ್ಜ ಕಟ್ಟಿಸಿದ್ದು. ಮುಂದಿನ ರಸ್ತೆಯಲ್ಲಿ ಸೀರೆ ಅಂಗಡಿಗಳ ಗಲಾಟೆ, ಗೇಟಿನೊಳಗೆ ಬಂದರೆ ಬೇವಿನ ನೆರಳು. ಹಾಲ್, ದೇವರ ಕೋಣೆ, ಮಲಗುವ ಕೋಣೆಗಳು, ಹಿಂದೆ ಬಟ್ಟೆ ಒಗೆಯುವ ಕಟ್ಟೆ, ಎಲ್ಲ ಕಡೆಗೂ ನಮ್ಮ ಖಣಿಯ ಕಲ್ಲೇ. ಬೇಸಿಗೆಯ ಮಧ್ಯಾಹ್ನ ಅತ್ತಿಯೂ ನಾನೂ ಹಾಸಿಗೆ ಬಿಟ್ಟು ಆ ನೆಲದ ಮೇಲೆ ಕೆನ್ನೆಯಿಟ್ಟು ಮಲಗುತ್ತಿದ್ದೆವು. ಫರಸಿ ನೆಲ ಬರೀ ನೀರಿನಲ್ಲಿ ಒರೆಸುತ್ತಿದ್ದರೆ ಬರಬರುತ್ತ ಬೆಳ್ಳಗೆ, ಒಣಗಿದ ಮೊಣಕಾಲಿನ ಹಾಗೆ ಆಗುತ್ತದೆ. ಅದಕ್ಕೆ ಖಣಿಯವರ ಮನೆಗಳಲ್ಲಿ ಒಂದು ಪದ್ಧತಿ. ಶುಭಕಾರ್ಯದ ಹಿಂದಿನ ದಿನ ಹೆಂಗಸರು ಹಳೆಯ ಅರಿವೆಯಲ್ಲಿ ಕುಸುಬಿ ಎಣ್ಣೆ ಅದ್ದಿ ನೆಲಕ್ಕೆಲ್ಲ ಹಚ್ಚುತ್ತಾರೆ. ಕಲ್ಲು ಎಣ್ಣೆ ಕುಡಿದು ಕಪ್ಪಾಗಿ ಮಿಂಚುತ್ತದೆ, ಮರುದಿನ ನೋಡಿದರೆ ಮುಖ ಕಾಣಿಸುತ್ತದೆ. ಒಣ ನೆಲದ ಮೇಲೆ ಒಳ್ಳೆಯ ಕೆಲಸ ಮಾಡಬಾರದು ಎಂಬುದು ನಮ್ಮವರ ಮಾತು. ಅತ್ತಿ ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡನ ಮನೆ ಬಿಟ್ಟು ಬಂದವಳು. ಯಾಕೆಂದು ಅವಳು ಹೇಳಲಿಲ್ಲ, ನಮ್ಮಲ್ಲಿ ಯಾರೂ ಕೇಳಲಿಲ್ಲ. ಅವಳು ಬರುತ್ತಾಳೆಂದು ಗೊತ್ತಾದ ದಿನ ನೆಂಟರೆಲ್ಲ ತಲೆಯ ಮೇಲೆ ಕೈ ಹೊತ್ತು ಕೂತರೆ, ಅಜ್ಜ ಎಣ್ಣೆಯ ಡಬ್ಬಿ ತಾವೇ ತಂದು ನಡುಮನೆಯಲ್ಲಿ ಇಟ್ಟರಂತೆ.

"ಮಗಳು ಬರಾಕತ್ತಾಳ. ನೆಲಕ್ಕ ಎಣ್ಣಿ ಹಚ್ರಿ."

ಈ ಕತೆಯನ್ನು ಅತ್ತಿ ನನಗೆ ಎಷ್ಟು ಸಲ ಹೇಳಿದಳೋ. ಹೇಳುವಾಗೆಲ್ಲ ಅಜ್ಜನ ಗಡಸು ದನಿಯನ್ನೇ ತೆಗೆಯುವಳು, ಕೊನೆಯಲ್ಲಿ ಮೂಗು ಒರೆಸಿಕೊಳ್ಳುವಳು. ಆಮೇಲೆ ಅಜ್ಜ ಖಣಿಗಳನ್ನೂ ಅವಳ ಕೈಗೇ ಕೊಟ್ಟರು. ಗಂಡುಮಗನಿದ್ದೂ ಮಗಳಿಗೆ ಕೊಟ್ಟರೆಂದು ಊರೆಲ್ಲ ಆಡಿಕೊಂಡಿತು. ಅಪ್ಪನಿಗೆ ಮಾತ್ರ ಎದೆಯ ಮೇಲಿನ ಚಪ್ಪಡಿ ಇಳಿಸಿದಂತಾಗಿತ್ತು. ಅವನಿಗೆ ಕಲ್ಲಿನ ಸಂಗಡ ಇರುವುದು ಇಷ್ಟ, ಕಲ್ಲು ಕೊಳ್ಳುವವರ ಸಂಗಡ ಮಾತಾಡುವುದು ಕಷ್ಟ. ಅವನು ನನ್ನ ಅವ್ವ ನೀಲಾಳ ಜೊತೆ ಖಣಿಯ ಮಗ್ಗುಲಿನ ಮನೆಯಲ್ಲೇ ಉಳಿದ. ಅತ್ತಿ ಹೈದರಾಬಾದಿನಲ್ಲಿ ಕೂತು ವ್ಯಾಪಾರ ಮಾಡಿದಳು. ಅವಳ ಪಾರ್ಟಿಗಳನ್ನು ಜನ ಶೋಕಿ ಎಂದರು. ಶೋಕಿಯೂ ಹೌದು, ಸುಳ್ಳೇಕೆ ಹೇಳಲಿ. ಆದರೆ ಒಬ್ಬಂಟಿ ಹೆಂಗಸು ಕಲ್ಲು ಮಾರಬೇಕಾದರೆ ಊರ ಕಣ್ಣಿಗೆ ಬೀಳಲೇಬೇಕು ಎಂಬುದನ್ನು ಅವಳು ಬಲ್ಲವಳಾಗಿದ್ದಳು.

ಆರನೆಯ ವಯಸ್ಸಿಗೆ ನನ್ನನ್ನು ಶಾಲೆಗೆಂದು ಅವಳ ಮನೆಗೆ ಕಳಿಸಿದರು. ಮೊದಲ ವಾರ ನಾನು ಅವ್ವನಿಗಾಗಿ ಅತ್ತದ್ದು ನೆನಪಿದೆ. ಅತ್ತಿ ಸಮಾಧಾನ ಮಾಡಲಿಲ್ಲ, ನನ್ನ ಜೊತೆ ಕೂತು ತಾನೂ ಅತ್ತಳು. ಯಾರಿಗಾಗಿ ಅಳುತ್ತೀ ಎಂದು ಕೇಳಿದರೆ, "ನೀ ಅಳು, ನನ್ನ ಲೆಕ್ಕ ನಿನಗ್ಯಾಕ?" ಎಂದು ಗದರಿದಳು. ಅಲ್ಲಿಂದ ಮುಂದೆ ನಾವಿಬ್ಬರೂ ಗೆಳತಿಯರು. ಅವಳ ಹೇರ್‌ಪಿನ್ನು ಹುಡುಕಿಕೊಡುವುದು, ಸೀರೆಯ ನೆರಿಗೆ ಹಿಡಿಯುವುದು, ಅವಳು ಬಂದವರ ನಡಿಗೆಯನ್ನು ಅಣಕಿಸಿ ತೋರಿಸಿದರೆ ಹೊಟ್ಟೆ ಹಿಡಿದು ನಗುವುದು ನನ್ನ ಪಾಲಿಗೆ. ಭಾನುವಾರ ಕಾರಿನಲ್ಲಿ ಮಣಿಕೊಂಡದ ಕಡೆಗೆ ಕರೆದುಕೊಂಡು ಹೋಗುವಳು. ಅಲ್ಲಿ ಆಗ ಕಂಪ್ಯೂಟರ್ ಕಂಪನಿಗಳವರಿಗಾಗಿ ಬಂಡೆ ಒಡೆದು ಮನೆ ಏಳಿಸುತ್ತಿದ್ದರು. ಕಲ್ಲು ಹೊರುವವರು ಹೆಚ್ಚಾಗಿ ನಮ್ಮ ಕಡೆಯವರೇ, ಕಲಬುರಗಿ, ಯಾದಗಿರಿಯ ಜನ. ಕನ್ನಡ ಕಿವಿಗೆ ಬಿದ್ದದ್ದೇ ತಡ, ಅತ್ತಿ ಕಾರು ನಿಲ್ಲಿಸಿ ಕಿಟಕಿ ಇಳಿಸಿ, ಯಾವ ಊರು, ಮಳೆ ಆತೇನು, ಮಕ್ಕಳೆಲ್ಲಿ ಅದಾವ ಎಂದು ಶುರುಮಾಡುವಳು. ಮುತ್ತಿನ ಸರದ ಹೆಂಗಸು ಹೀಗೆ ಮಾತಾಡುವುದನ್ನು ಕೇಳಿ ಅವರು ಮೊದಲು ಬೆದರುತ್ತಿದ್ದರು, ಆಮೇಲೆ ಬಿಡುತ್ತಿರಲಿಲ್ಲ.

ಹಾಗೆ ಒಡೆದ ಬಂಡೆಗಳ ಜಾಗದಲ್ಲಿ ಎದ್ದ ಮನೆಗಳಿಗೆ ಹೊಸ ಜನ ಬಂದರು. ವಯಸ್ಸು ಚಿಕ್ಕದು, ದುಡ್ಡು ದೊಡ್ಡದು, ಮಾತಾಡಿದರೆ ಅಮೆರಿಕ. ಅವರು ಅತ್ತಿಯ ಪಾರ್ಟಿಗಳಿಗೆ ಬಂದು ನೆಲ ನೋಡಿ, "ಹಳೇ ಕಾಲದ್ದು, ಎಷ್ಟು ಮುದ್ದಾಗಿದೆ" ಎನ್ನುವರು. ಮುದ್ದಾಗಿದೆ ಎಂದವರು ತಮ್ಮ ಮನೆಗೆ ಇಟಲಿಯ ಮಾರ್ಬಲ್ ತರಿಸುವರು. ಈ ಮಾತು ಅತ್ತಿಯನ್ನು ಒಳಗೇ ಕೊರೆದಿರಬೇಕು. ಒಂದು ಬೇಸಿಗೆ ರಜೆ ಮುಗಿಸಿಕೊಂಡು ನಾನು ಬಂದಾಗ ಹಾಲ್‌ನ ನೆಲದಲ್ಲಿ ಅಜ್ಜನ ಕಲ್ಲಿರಲಿಲ್ಲ. ಹಾಲು ಚೆಲ್ಲಿದಂತೆ ಬೆಳ್ಳಗಿನ ಮಾರ್ಬಲ್ ಗೋಡೆಯಿಂದ ಗೋಡೆಗೆ ಹರಡಿತ್ತು. ಕಲ್ಲಿನ ಖಣಿಯ ಒಡತಿ ಬೇರೆಯವರ ಕಲ್ಲು ಕೊಂಡು ಹಾಸಿದ್ದಳು! ನಾನು ಚಪ್ಪಲಿ ಬಿಟ್ಟು ಅದರ ಮೇಲೆ ಕಾಲಿಡಲು ಹೆದರಿ ಬಾಗಿಲಲ್ಲೇ ನಿಂತೆ. ಅಡುಗೆಯ ಯಾದಮ್ಮ ತೆಲುಗಿನಲ್ಲಿ ಗೊಣಗುತ್ತ ದಿನಕ್ಕೆ ಹತ್ತು ಸಲ ಅದನ್ನು ಒರೆಸುತ್ತಿದ್ದಳು. ಅತ್ತಿ ಮಾತ್ರ ನನ್ನ ಕಣ್ಣು ತಪ್ಪಿಸಿ, ಕಾಲ ಬದಲಾಗೈತಿ ಎಂದಷ್ಟೇ ಹೇಳಿದಳು.

ಅದೇ ವರ್ಷ, ನನಗೆ ಒಂಬತ್ತು ತುಂಬಿದಾಗ, ಅತ್ತಿ ನನ್ನನ್ನು ದತ್ತು ತೆಗೆದುಕೊಳ್ಳುವುದೆಂದು ಹಿರಿಯರು ಮಾತಾಡಿಕೊಂಡರು. ನಿನ್ನ ನಂತರ ಯಾರು ಎಂದು ಎಲ್ಲರೂ ಅವಳನ್ನು ಕೇಳುತ್ತಿದ್ದರು. ಅಪ್ಪ ಅಕ್ಕನಿಗೆ ಎಂದೂ ಇಲ್ಲ ಎಂದವನಲ್ಲ. ಅವ್ವ ಮತ್ತೆ ಬಸುರಿಯಾಗಿದ್ದಳು. ಒಂದು ಕೊಟ್ಟರೆ ದೇವರು ಇನ್ನೊಂದು ಕೊಡಾಕತ್ತಾನಲ್ಲ ಎಂದು ಎಲ್ಲರೂ ಅವಳಿಗೆ ಹೇಳಿದರು. ಅವಳೇನು ಹೇಳಿದಳೆಂದು ಯಾರೂ ನನಗೆ ತಿಳಿಸಲಿಲ್ಲ. ನಮ್ಮಲ್ಲಿ ಇದಕ್ಕೆ ಉಡಿಯಲ್ಲಿ ಹಾಕುವುದು ಎನ್ನುತ್ತಾರೆ. ಪಡೆಯುವವಳು ಸೆರಗಿನ ಉಡಿ ಒಡ್ಡಿ ಕೂರಬೇಕು, ಹೆತ್ತವಳು ಅಕ್ಕಿ, ಕೊಬ್ಬರಿ ಬಟ್ಟಲು ಹಾಕಿ, ಮಗುವನ್ನು ಅದರ ಮೇಲೆ ಕೂರಿಸಿ ಕೈ ಬಿಡಬೇಕು. ಸಿಕಂದರಾಬಾದಿನಲ್ಲಿದ್ದ ನಮ್ಮ ಮಠದ ಅಯ್ಯನವರು ಸೋಮವಾರ ಪೂಜೆಗೆ ಬಂದಾಗ ಇದನ್ನೆಲ್ಲ ವಿವರಿಸಿ, ಕೊನೆಗೊಂದು ಮಾತು ಸೇರಿಸಿದರು.

"ಉಡಿಯಾಗ ಕುಂತ ಮ್ಯಾಲ ಕೂಸು ಹೊಸಾ ಹೆಸರಿನಿಂದ ಕರೀಬೇಕ್ರಿ. ಹಡದಾಕಿಗೆ ಅತ್ತಿ, ಪಡದಾಕಿಗೆ ಅವ್ವ. ಹಂಗ ಕರದಾಗ ಶಾಸ್ತ್ರ ಪೂರಾ ಆಗ್ತೈತಿ."

ಆ ಮಾತು ಕೇಳಿದ ದಿನದಿಂದ ನನ್ನ ಊಟ ಅರ್ಧವಾಯಿತು. ಹೊಸ ಬಟ್ಟೆ, ಸೈಕಲ್ಲು, ನನ್ನದೇ ಕೋಣೆ, ಎಲ್ಲ ಬರಲಿದ್ದವು. ನನ್ನ ಚಿಂತೆ ಬೇರೆ. ನಾಳೆ ಅವ್ವನನ್ನು ಅತ್ತಿ ಎಂದರೆ ನನಗೆ ಅವ್ವ ಇರುವುದಿಲ್ಲ. ಅತ್ತಿಯನ್ನು ಅವ್ವ ಎಂದರೆ, ಸೆರಗು ಹಿಡಿಸಿಕೊಂಡು ರೊಟ್ಟಿ ತಿನ್ನುವ ಅತ್ತಿಯೂ ಇರುವುದಿಲ್ಲ. ಇಬ್ಬರನ್ನೂ ಒಂದೇ ದಿನ ಕಳೆದುಕೊಳ್ಳುತ್ತೇನೆ ಎಂದು ನನಗೆ ಖಾತ್ರಿಯಾಗಿತ್ತು. ಇದನ್ನು ಯಾರಿಗೆ ಹೇಳುವುದು? ಅತ್ತಿ ಎಲ್ಲರಿಗೂ ಫೋನು ಮಾಡಿ ಮಗಳು ಬರುತ್ತಾಳೆ ಎಂದು ಹೇಳಿಕೊಂಡು ಮನೆ ತುಂಬ ಓಡಾಡುತ್ತಿದ್ದಳು. ಅಷ್ಟು ಖುಷಿಯಾಗಿ ಅವಳನ್ನು ನಾನು ಹಿಂದೆ ನೋಡಿರಲಿಲ್ಲ.

ಶಾಸ್ತ್ರಕ್ಕೆ ಒಂದು ಬೆಳಿಗ್ಗೆ ಗೊತ್ತಾಯಿತು. ಅದರ ಹಿಂದಿನ ಸಂಜೆ ಮನೆಯಲ್ಲೇ ಹೊಸ ಗೆಳೆಯರಿಗೆಲ್ಲ ಪಾರ್ಟಿ. ಅಪ್ಪ ಬೆಳಗಿನ ಗಾಡಿಗೆ ಬರುವವನಿದ್ದ, ಅವ್ವ ಒಂದು ದಿನ ಮೊದಲೇ ಸಿಕಂದರಾಬಾದ್ ಸ್ಟೇಷನ್ನಿಗೆ ಬಂದಿಳಿದಳು. ತುಂಬಿದ ಹೊಟ್ಟೆ, ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಕುಸುಬಿ ಎಣ್ಣೆಯ ಡಬ್ಬಿ. ನಾನು ಓಡಿ ಹೋಗಿ ತಬ್ಬಿದರೆ ಹೊಟ್ಟೆ ಅಡ್ಡ ಬಂತು, ಇಬ್ಬರೂ ನಕ್ಕೆವು. ಮನೆಗೆ ಬಂದಾಗ ಅತ್ತಿ ಬ್ಯೂಟಿ ಪಾರ್ಲರಿಗೆ ಹೋಗಿದ್ದಳು. ಅವ್ವ ಬಾಗಿಲಲ್ಲಿ ನಿಂತು ಹಾಲಿನ ನೆಲವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ಮುಂದೆ ಕೂರಿಸಿಕೊಂಡು ತಲೆ ಬಾಚತೊಡಗಿದಳು.

"ನಾಳಿಂದ ಅವರಿಗೆ ಅವ್ವ ಅನ್ಬೇಕು. ನನಗ ಅತ್ತಿ ಅನ್ಬೇಕು. ಎಲ್ಲಿ, ಒಮ್ಮೆ ಅನ್ನು ನೋಡೋಣು."

"ಅತ್ತಿ," ಎಂದೆ.

"ಓ," ಎಂದಳು ಅವ್ವ. ಬಾಚಣಿಗೆ ಕೂದಲಲ್ಲೇ ನಿಂತಿತ್ತು. "ಶಾಣ್ಯಾಕಿ."

"ಹೊಟ್ಟ್ಯಾಗಿನ ಕೂಸು ನನಗ ಏನಾಗ್ತೈತಿ?"

ಅವ್ವ ಜಡೆ ಎಂದಿಗಿಂತ ಬಿಗಿಯಾಗಿ ಹೆಣೆದಳು. ನನ್ನನ್ನು ಸ್ನಾನಕ್ಕೆ ಕಳಿಸಿ, ಮೆಲ್ಲಗೆ ಎದ್ದು, ಯಾದಮ್ಮನನ್ನು ಕರೆದು ಒಂದು ಹಳೆಯ ಸೀರೆ ಹರಿಸಿದಳು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಹಾಲಿನ ಮಾರ್ಬಲ್ ತುಂಬ ಕುಸುಬಿ ಎಣ್ಣೆಯ ವಾಸನೆ. ಅವ್ವ ಗೋಡೆ ಹಿಡಿದು ಕೂತಲ್ಲೇ ಸರಿಯುತ್ತ ಕೊನೆಯ ಮೂಲೆ ಮುಗಿಸುತ್ತಿದ್ದಳು. ಯಾದಮ್ಮ ಇದು ಮ್ಯಾಡಮ್ಮಿನದೇ ಅಪ್ಪಣೆ ಎಂದುಕೊಂಡು ಇನ್ನೊಂದು ಕಡೆಯಿಂದ ಹಚ್ಚುತ್ತಿದ್ದಳು. ಮುಗಿಸಿ ಇಬ್ಬರೂ ಒಣ ಅರಿವೆಯಲ್ಲಿ ಮೇಲುಮೇಲೆ ಒರೆಸಿದರು. ಇಳಿಬಿಸಿಲು ಬಿದ್ದು ನೆಲ ನಿಜಕ್ಕೂ ಚಂದ ಕಾಣುತ್ತಿತ್ತು.

ಅತ್ತಿ ಹಿಂಬಾಗಿಲಿನಿಂದ ಬಂದು, ಅಡುಗೆಮನೆಯಲ್ಲಿ ಅವ್ವನ ಗಲ್ಲ ಹಿಡಿದು ಮಾತಾಡಿಸಿ, ರೊಟ್ಟಿ ತಿಂದು, ಹಾಲ್ ಕಡೆ ಸುಳಿಯದೆ ಮೇಲೆ ಹೋಗಿ ಸಿಂಗರಿಸಿಕೊಂಡಳು. ಅಷ್ಟರಲ್ಲಿ ಅತಿಥಿಗಳು ಬಂದು ಹಾಲಿನ ಅಂಚಿನ ಜಮಖಾನದ ಮೇಲೆ ನಿಂತಿದ್ದರು. ಮೊದಲು ಕಾಲು ಜಾರಿದವನು ಒಬ್ಬ ಕಂಪ್ಯೂಟರ್ ಕಂಪನಿಯ ಯುವಕ. ಅವನು ಪರದೆ ಹಿಡಿದು ಹೇಗೋ ಬದುಕಿದ. ಎಲ್ಲರೂ ಕೆಳಗೆ ನೋಡುತ್ತಿರುವಾಗಲೇ ಅತ್ತಿ ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ ಮೆಟ್ಟಿಲಿಳಿದು, ಕೈ ಚಾಚಿ, ಬನ್ನಿ ಬನ್ನಿ ಎನ್ನುತ್ತ ಹಾಲಿನೊಳಗೆ ಬಂದಳು. ಬಂದ ವೇಗದಲ್ಲೇ ಜಾರಿ, ರೇಷ್ಮೆ ಸೀರೆಯ ಸಮೇತ ನಡುಮಧ್ಯದಲ್ಲಿ ಕುಳಿತುಬಿಟ್ಟಳು. ಮುತ್ತಿನ ಸರ ಹರಿದು ಮುತ್ತುಗಳು ಎಣ್ಣೆಯ ಮೇಲೆ ಉರುಳಿದವು. ಅಡುಗೆಮನೆಯ ಬಾಗಿಲಲ್ಲಿದ್ದ ಅವ್ವ ಅಯ್ಯೋ ಎಂದು ಹೆಜ್ಜೆ ಮುಂದಿಟ್ಟಳು. ಅತ್ತಿಯ ಸಿಟ್ಟು ಗೊತ್ತಿದ್ದ ನಾನು ಕಣ್ಣು ಮುಚ್ಚಿಕೊಂಡೆ.

"ನೀಲಾ! ಅಲ್ಲೇ ನಿಂದ್ರು! ಕಾಲ್ ಇಡಬ್ಯಾಡ, ಜಾರ್ತೀ!"

ಕೂತಲ್ಲಿಂದಲೇ ಕೂಗಿದ್ದು ಅಷ್ಟೇ. ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತ ಮೇಲೆಯೇ ಅತ್ತಿ ತನ್ನ ಸೊಂಟ ಮುಟ್ಟಿ ನೋಡಿಕೊಂಡಳು. ಅಂಗೈಯನ್ನು ಮೂಗಿಗೆ ಹಿಡಿದು ಮೂಸಿದಳು.

"ಕುಸುಬಿ ಎಣ್ಣಿ," ಎಂದಳು. "ಯಾರು ಹಚ್ಚಿದ್ರು?"

"ನಾನ್ರೀ ಅಕ್ಕಾರ," ಎಂದಳು ಅವ್ವ. "ನೆಲ ಬೆಳ್ಳಗಿತ್ರಿ. ಕಲ್ಲು ಬ್ಯಾರೆ ಅಂತ ಗೊತ್ತೈತ್ರಿ ನನಗ. ಆದ್ರೂ ನಾಳೆ ಮಗಳನ್ನ ಕೊಡಾಕತ್ತೀನಿ. ಕೊಡೋ ಮನಿ ನೆಲ ಒಣಗಿರಬಾರದಂತ..."

ಅತಿಥಿಗಳಿಗೆ ಒಂದಕ್ಷರ ತಿಳಿಯಲಿಲ್ಲ. ಅತ್ತಿ ಆ ಅಂಗೈಯನ್ನು ಮೂಗಿನಿಂದ ತೆಗೆಯಲೇ ಇಲ್ಲ. ಬೆಳ್ಳನೆಯ ಮಾರ್ಬಲ್ ಹಳದಿ ಮಚ್ಚೆ ಹಿಡಿದಿತ್ತು, ಗಣ್ಯರ ಮುಂದೆ ಮಾನ ಹೋಗಿತ್ತು, ಅವಳಿಗೆ ಅದಾವುದರ ಪರಿವೆಯೂ ಇದ್ದಂತೆ ಕಾಣಲಿಲ್ಲ. ಕೊನೆಗೆ ತಲೆ ಹಿಂದಕ್ಕೆ ಚೆಲ್ಲಿ, ಪೇಪರಿನ ಫೋಟೋದಲ್ಲಿರುವ ಹಾಗೆಯೇ ಜೋರಾಗಿ ನಕ್ಕಳು. ಕಾಡಿಗೆ ಮಾತ್ರ ಕೆನ್ನೆಗೆ ಇಳಿದಿತ್ತು. ಚಪ್ಪಲಿ ಕಳಚಿ ಎಸೆದು, ನಿಂತವರಿಗೆ ಹೈದರಾಬಾದಿನ ಹಿಂದಿಯಲ್ಲಿ, "ಘಬರಾವ್ ನಕ್ಕೋ! ಹೆದರಬೇಡಿ, ನಮ್ಮ ಮನೆಗೆ ಮಗಳು ಬಂದರೆ ನೆಲಕ್ಕೆ ಎಣ್ಣೆ ಹಚ್ಚುವುದು ನಮ್ಮ ಪದ್ಧತಿ, ನೀವೂ ಚಪ್ಪಲಿ ಬಿಟ್ಟು ಕೂತುಕೊಳ್ಳಿ" ಎಂದಳು. ಅಂದು ಆ ದೊಡ್ಡ ಮನುಷ್ಯರೆಲ್ಲ ಬರಿಗಾಲಲ್ಲಿ, ಗೋಡೆ ಹಿಡಿದು ಸಾಲಾಗಿ ಕುಳಿತು ಉಂಡರು. ಉಂಡಂಗ ಮಾಡಲಿಲ್ಲ, ನಿಜವಾಗಿ ಉಂಡರು. ರೊಟ್ಟಿ ಸಾಲದೆ ಯಾದಮ್ಮ ಮತ್ತೆ ಹಿಟ್ಟು ನಾದಿದಳು.

ಬೆಳಿಗ್ಗೆ ಅಪ್ಪ ಬಂದ, ಅಯ್ಯನವರು ಬಂದರು. ಮಾರ್ಬಲ್ ಮೇಲೆ ಚಾಪೆ ಹಾಸಿ ಅತ್ತಿ ಉಡಿ ಒಡ್ಡಿ ಕೂತಳು. ಅವ್ವ ಅಕ್ಕಿ ಹಾಕಿದಳು, ಕೊಬ್ಬರಿ ಹಾಕಿದಳು, ನನ್ನ ತೋಳು ಹಿಡಿದು ಅತ್ತಿಯ ತೊಡೆಯ ಮೇಲೆ ಕೂರಿಸಿದಳು. ಅವಳ ಕೈಗೆ ಇನ್ನೂ ಕುಸುಬಿ ಎಣ್ಣೆಯ ವಾಸನೆಯಿತ್ತು. ಅಯ್ಯನವರು ಮಂತ್ರ ಮುಗಿಸಿ, ಹಡೆದವಳನ್ನು ಮೊದಲು ಕರಿ ತಾಯಿ ಎಂದರು. ನಾನು ಅವ್ವನ ಮುಖ ನೋಡಿದೆ. ಹಿಂದಿನ ದಿನ ಕಲಿಸಿದ ಹಾಗೆ ಕರೆದೆ.

"ಅತ್ತಿ."

ಅವ್ವ ಬಾಯಿ ತೆರೆದಳು. ದನಿ ಬರಲಿಲ್ಲ.

"ಓ," ಎಂದಳು ಅತ್ತಿ, ನನ್ನ ಬೆನ್ನ ಹಿಂದೆ. ದಿನಾ ಅಡುಗೆಮನೆಯಿಂದ, ಸ್ನಾನದ ಕೋಣೆಯಿಂದ, ನಿದ್ದೆಗಣ್ಣಿನಿಂದ ಓಗೊಡುವ ಹಾಗೆಯೇ. "ಏನ್ ಬೇಕವ್ವಾ?"

ಅಯ್ಯನವರು ಮೆಲ್ಲಗೆ, "ನೀವು ಓ ಅನಬಾರದ್ರಿ ಅಕ್ಕಾರ, ಅವರನ್ನ ಕರದದ್ದು," ಎಂದರು. ಅತ್ತಿ ನನ್ನ ಭುಜ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು. ನನ್ನ ಮುಖದಲ್ಲಿ ಏನು ಕಂಡಳೋ, ಉಡಿಯ ಅಕ್ಕಿಯನ್ನು ಎರಡೂ ಕೈಯಲ್ಲಿ ತೆಗೆದು ಅವ್ವನ ಉಡಿಗೆ ತುಂಬಿದಳು. ಆಮೇಲೆ ನನ್ನನ್ನು ಎಬ್ಬಿಸಿ ಅವ್ವನ ಮಗ್ಗುಲಿಗೆ ನಿಲ್ಲಿಸಿದಳು.

"ಸಾಕ್ರಿ ಅಯ್ನೋರ. ಅವ್ವ ಅನ್ನಿಸ್ಕೊಳ್ಳಾಕ ಆಕಿ ಅದಾಳ. ಅತ್ತಿ ಅಂತ ನನ್ನ ಕರಿಯೋದು ಇದೊಂದ ಕೂಸು. ಅದನ್ನೂ ಕಳಕೊಳ್ಳಲೇನು?"

ಅಪ್ಪ, "ಅಕ್ಕಾ, ಖಣಿ..." ಎಂದು ಶುರುಮಾಡಿದ. "ಖಣಿ ಎಲ್ಲಿ ಹೋಗ್ತೈತೋ? ಸೋದರಸೊಸಿಗೆ ಕೊಟ್ರ ಕಲ್ಲು ಸಿಟ್ಟಾಗ್ತಾವೇನು?" ಎಂದು ಅವನ ಬಾಯಿ ಮುಚ್ಚಿಸಿದಳು. ಅವ್ವ ಅತ್ತಳು, ಅತ್ತಿಯೂ ಅತ್ತಳು. ಯಾರಿಗಾಗಿ ಎಂದು ನಾನು ಈ ಸಲ ಕೇಳಲಿಲ್ಲ. ಊರಿಗೆ ಹೊರಟ ಅವ್ವನನ್ನು ಅತ್ತಿ ಬಿಡಲಿಲ್ಲ. ನನ್ನ ತಮ್ಮ ಹೈದರಾಬಾದಿನಲ್ಲೇ ಹುಟ್ಟಿದ, ಬಾಣಂತನ ಹಿಮಾಯತ್‌ನಗರದ ಆ ಮನೆಯಲ್ಲೇ ಆಯಿತು. ಅವನಿಗೆ ಮಾತು ಬಂದಾಗ ಅತ್ತಿ ಅನ್ನುವವರು ಇಬ್ಬರಾದೆವು. ಮಾರ್ಬಲ್ಲಿನ ಹಳದಿ ಮಚ್ಚೆ ಹೋಗಲಿಲ್ಲ, ಹೋಗಿಸಲು ಅತ್ತಿ ಯಾರನ್ನೂ ಕರೆಸಲಿಲ್ಲ. ಬಂದವರು ಕೇಳಿದರೆ, "ನಮ್ಮ ನೀಲಾನ ಕೆಲಸ," ಎಂದು ಜಂಬದಿಂದ ತೋರಿಸುವಳು.

ಖಣಿಗಳನ್ನು ಈಗ ನಾನು ನೋಡಿಕೊಳ್ಳುತ್ತೇನೆ. ಅತ್ತಿಯ ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂತು ಒಣಗಿದ ಅಂಗಾಲಿಗೆ ಕುಸುಬಿ ಎಣ್ಣೆ ತಿಕ್ಕುತ್ತಿದ್ದೆ. ಹೊಸದಾಗಿ ಬಂದ ನರ್ಸ್ ಅದನ್ನು ನೋಡಿ ತೆಲುಗಿನಲ್ಲಿ, ನಿಮ್ಮ ಅಮ್ಮನಾ ಎಂದು ಕೇಳಿದಳು. ಬಿಡಿಸಿ ಹೇಳುವ ತ್ರಾಣವಿರಲಿಲ್ಲ, ಹೌದೆಂದು ತಲೆಯಾಡಿಸಿದೆ. ಎರಡು ದಿನದಿಂದ ಕಣ್ಣು ಬಿಡದಿದ್ದವಳು ಒಂದು ಕಣ್ಣು ತೆರೆದಳು.

"ಸುಳ್ಳ ಹೇಳ್ತಾಳ್ರಿ ಸಿಸ್ಟರ್."

ನರ್ಸಿಗೆ ಕನ್ನಡ ಬರುತ್ತಿರಲಿಲ್ಲ. ನಾನು ಅತ್ತಿಯ ಕಿವಿಯ ಹತ್ತಿರ ಬಾಗಿ, "ಅತ್ತಿ," ಎಂದೆ.

"ಓ," ಎಂದಳು.